ಒಂದೇ ಮೈಕಿನ ಮುಂದೆ ಇಬ್ಬರು

ಸಭಾಂಗಣದ ಕೊನೆಯ ಸಾಲಿನ ಹಿಂದೆ ಮಿಕ್ಸರ್ ಮೇಜಿನ ಮುಂದೆ ಕೂತವರನ್ನು ಯಾರೂ ತಿರುಗಿ ನೋಡುವುದಿಲ್ಲ. ನೋಡಿದರೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಇದಕ್ಕೆ ಒಗ್ಗಿಕೊಳ್ಳಬೇಕು. ಊರ ಕಡೆ ಒಂದು ರೇಡಿಯೊ ನಿಲಯದಲ್ಲಿ ಹನ್ನೊಂದು ವರ್ಷ, ಆಮೇಲೆ ಜರ್ಮನಿಯ ಸಣ್ಣ ಸಣ್ಣ ಸಭಾಂಗಣಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಬೇರೆಯವರ ಧ್ವನಿಗೆ ಕಾವಲು ಕೂತೆ. ಯಾವಾಗ ಕಾಯಂ ಆದೆ, ಯಾವಾಗ ಬಡ್ತಿ ಬಂತು ಎಂದು ಬರೆದರೆ ನಿಮಗೇನೂ ಉಪಯೋಗವಿಲ್ಲ. ನಾನು ಮಾಡಿದ ತಪ್ಪುಗಳು, ನನಗೆ ಕಲಿಸಿದವರು, ಇವತ್ತಿಗೂ ಕಿವಿ ಬಿಟ್ಟು ಹೋಗದ ಒಂದು ಜೋಡಿ, ಇವುಗಳ ಬಗ್ಗೆ ಬರೆಯುತ್ತೇನೆ.

ಗ್ರೀನ್ ಕಾರ್ಡ್ ಕೊಟ್ಟು ಜರ್ಮನಿಯವರು ಕಂಪ್ಯೂಟರ್ ಕೆಲಸದವರನ್ನು ಕರೆಸಿಕೊಳ್ಳುತ್ತಿದ್ದ ವರ್ಷಗಳವು. ನಮ್ಮ ಮನೆಯವರಿಗೆ ಎರ್ಲಾಂಗೆನ್‌ನಲ್ಲಿ ಕೆಲಸ ಸಿಕ್ಕಿತು. ನಾನು ರೇಡಿಯೊ ನೌಕರಿ ಬಿಟ್ಟು, ಎಂಟು ವರ್ಷದ ಮಗಳು ಅನಘಾಳನ್ನು ಕರೆದುಕೊಂಡು ಬಂದೆ. ಕಾರ್ಡು ಅವರದು, ಜೊತೆಗೆ ಬಂದ ನನಗೆ ಮೊದಲ ವರ್ಷ ಕೆಲಸದ ಅನುಮತಿ ಇರಲಿಲ್ಲ. ಬ್ಲೇಡಿನಿಂದ ಟೇಪು ಕತ್ತರಿಸಿ, ಕೆಮ್ಮು ತೆಗೆದು, ಮಾತಿಗೆ ಮಾತು ಅಂಟಿಸುತ್ತಿದ್ದ ಕೈಗಳು ಸುಮ್ಮನೆ ಕೂತವು. ನಲವತ್ತರ ಹೊಸ್ತಿಲಲ್ಲಿ ಸೈಕಲ್ ತುಳಿಯಲು ಕಲಿತೆ. ಆ ಊರಲ್ಲಿ ಸೈಕಲ್ ಬಾರದವಳನ್ನು ಜನ ಈಜು ಬಾರದ ಮೀನಿನ ಹಾಗೆ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಮಗಳ ಶಾಲೆಯ ಮಕ್ಕಳ ಹಾಡು ಒಂದು ಹಳೆಯ ಕಟ್ಟಡದಲ್ಲಿ ಇತ್ತು. ಹಿಂದೆ ಬಿಯರ್ ಮಾಡುತ್ತಿದ್ದ ಜಾಗ; ಈಗ ಒಂದು ಸಂಘದವರು, ಅಲ್ಲಿಯ ಮಾತಿನಲ್ಲಿ ಫೆರೈನ್, ಅದನ್ನು ನೂರಿಪ್ಪತ್ತು ಕುರ್ಚಿಯ ಸಭಾಂಗಣ ಮಾಡಿಕೊಂಡಿದ್ದರು. ಮಕ್ಕಳು ಹಾಡುತ್ತಿದ್ದಾಗ ಸ್ಪೀಕರಿನಲ್ಲಿ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಬೇರೆ ತಾಯಂದಿರಿಗೆ ಅದು ಕೇಳಿದಂತೆಯೇ ಕಾಣಲಿಲ್ಲ. ನನಗೆ ಕೂರಲಾಗಲಿಲ್ಲ. ಬಿಡುವಿನಲ್ಲಿ ಎದ್ದು ಹೋಗಿ, ಮೇಜಿನ ಮುಂದಿದ್ದ ನರೆಗಡ್ಡದ ಮನುಷ್ಯರಿಗೆ ನೆಲ ತೋರಿಸಿದೆ. ದೀಪದ ತಂತಿಯ ಪಕ್ಕಕ್ಕೇ, ಅದರ ಉದ್ದಕ್ಕೂ, ಮೈಕಿನ ತಂತಿಯನ್ನು ಎಳೆದಿದ್ದರು. ನನ್ನ ಜರ್ಮನ್ ಆಗ ಅಂಗಡಿಯಲ್ಲಿ ಬ್ರೆಡ್ ಕೊಳ್ಳುವಷ್ಟೇ ಇತ್ತು. ಅವರು ಮಾತಾಡದೆ ತಂತಿಯನ್ನು ಎರಡು ಮಾರು ಆಚೆ ಸರಿಸಿದರು. ಗುಂಯ್ ನಿಂತಿತು.

"ಶುಕ್ರವಾರ ನಾಲ್ಕು ಗಂಟೆಗೆ ಬನ್ನಿ," ಎಂದರು. ಹೆರ್ ಕ್ರೌಸ್, ಅಂದರೆ ಶ್ರೀಮಾನ್ ಕ್ರೌಸ್, ಸಿಕ್ಕಿದ್ದು ಹೀಗೆ.

ಸಂಬಳವಿಲ್ಲದ ಕೆಲಸವಾದ್ದರಿಂದ ಅನುಮತಿ ಬೇಕಿರಲಿಲ್ಲ. ಕ್ರೌಸ್ ನನಗೆ ಎರಡು ತಿಂಗಳು ತಂತಿ ಸುತ್ತುವುದನ್ನು ಬಿಟ್ಟು ಬೇರೇನೂ ಕೊಡಲಿಲ್ಲ. ಒಂದು ಸುತ್ತು ಮೇಲಿಂದ, ಒಂದು ಸುತ್ತು ಕೆಳಗಿಂದ. ತಪ್ಪಿದರೆ ಬಿಚ್ಚಿ ಮತ್ತೆ. ಹನ್ನೊಂದು ವರ್ಷ ಅನುಭವ ಇದ್ದವಳು ನಾನು ಎಂದು ಒಳಗೊಳಗೇ ಉರಿಯುತ್ತಿದ್ದೆ. ಒಂದು ದಿನ ಹೇಳಿಯೇಬಿಟ್ಟೆ.

"ರೇಡಿಯೊದಲ್ಲಿ ತಪ್ಪಾದ್ರೆ ಕತ್ತರಿಸಬಹುದು, ಫ್ರೌ ದೇಸಾಯಿ," ಎಂದರು ಅವರು. "ಇಲ್ಲಿ ಬಾಯಿಂದ ಹೊರಟಿದ್ದು ಹೊರಟೇ ಹೋಯ್ತು. ಮೊದಲು ತಾಳ್ಮೆ ಬರಲಿ."

ಕೊನೆಯವರೆಗೂ ನಾವು ಒಬ್ಬರನ್ನೊಬ್ಬರು ನೀವು ಎಂದೇ ಕರೆದೆವು. ಅವರ ಮೊದಲ ಹೆಸರು ನನಗೆ ಗೊತ್ತಾಗಿದ್ದು ಅವರ ಮನೆಯ ಕರೆಗಂಟೆಯ ಮೇಲೆ ಓದಿದಾಗ.

ಮೊದಲ ಬಾರಿಗೆ ಅವರು ಮೇಜನ್ನು ನನ್ನ ಕೈಗೆ ಕೊಟ್ಟದ್ದು ಅಮೆರಿಕದಿಂದ ಬಂದ ಒಂದು ಜೋಡಿಯ ಕಾರ್ಯಕ್ರಮಕ್ಕೆ. ರೂತ್ ಮತ್ತು ಡೇನ್. ಗಂಡ ಹೆಂಡತಿ, ಇಬ್ಬರಿಗೂ ಐವತ್ತರ ಆಸುಪಾಸು. ರೂತ್ ಪಿಟೀಲು ನುಡಿಸಿ ಹಾಡುತ್ತಿದ್ದರು. ಡೇನ್ ಗಿಟಾರು ಮತ್ತು ಬ್ಯಾಂಜೊ, ಅಂದರೆ ತಮಟೆಯ ಹಾಗೆ ಚರ್ಮ ಬಿಗಿದ ಮೈಯ ಒಂದು ತಂತಿವಾದ್ಯ. ಅವರ ಕಡೆಯ ಬೆಟ್ಟದ ಜನರ ಹಳೆಯ ಪದಗಳು, ಅದೇ ಧಾಟಿಯಲ್ಲಿ ತಾವೇ ಕಟ್ಟಿದ ಹೊಸ ಹಾಡುಗಳು. ಇದಕ್ಕೆ ಅವರು ಅಮೆರಿಕಾನಾ ಎನ್ನುತ್ತಾರೆಂದು ನಾನು ತಿಳಿದದ್ದು ಅವತ್ತೇ.

ನಾನು ಮಧ್ಯಾಹ್ನವೇ ಹೋಗಿ ವೇದಿಕೆ ಸಜ್ಜು ಮಾಡಿದೆ. ಇಬ್ಬರ ಬಾಯಿಗೆ ಎರಡು ಮೈಕು, ಪಿಟೀಲಿಗೊಂದು, ಬ್ಯಾಂಜೊಗೊಂದು, ಗಿಟಾರಿಗೆ ಎರಡು. ಒಟ್ಟು ಆರು ಕಂಬ ನೆಟ್ಟು, ಒಂದೊಂದನ್ನೂ ಪರೀಕ್ಷಿಸಿ ಹೆಮ್ಮೆಯಿಂದ ನಿಂತಿದ್ದೆ. ರೂತ್ ಒಳಗೆ ಬಂದು ವೇದಿಕೆ ನೋಡಿದರು.

"ಉಳಿದವರೆಲ್ಲ ಯಾವಾಗ ಬರ್ತಾರೆ?" ಎಂದು ಕೇಳಿದರು.

ಡೇನ್ ನಗುತ್ತ ಒಂದು ಮರದ ಪೆಟ್ಟಿಗೆ ತೆರೆದರು. ಅದರೊಳಗೆ ಹತ್ತಿಬಟ್ಟೆಯಲ್ಲಿ ಸುತ್ತಿದ ದೊಡ್ಡದೊಂದು ಮೈಕು. ಅದೊಂದೇ ಸಾಕು ಎಂದರು. ನಾನು ಆರೂ ಕಂಬಗಳನ್ನು ಕಿತ್ತು, ನಡುವೆ ಒಂದನ್ನು ನಿಲ್ಲಿಸಿದೆ. ಇಬ್ಬರೂ ಅದರ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಪಿಟೀಲಿನ ಸರದಿ ಬಂದಾಗ ರೂತ್ ಮುಂದೆ ಬಾಗುತ್ತಿದ್ದರು, ಡೇನ್ ಓರೆಯಾಗುತ್ತಿದ್ದರು. ನಾನು ಮೇಜಿನ ಮೇಲೆ ಮಾಡಬೇಕಾದ ಕೆಲಸವನ್ನು ಅವರಿಬ್ಬರೂ ಕಾಲಿನಿಂದಲೇ ಮಾಡಿಕೊಳ್ಳುತ್ತಿದ್ದರು.

ಮೂರನೆಯ ಹಾಡಿನಲ್ಲಿ ರೂತ್ ಹಾಡುತ್ತಲೇ ಒಂದು ಹೆಜ್ಜೆ ಹಿಂದೆ ಹೋದರು, ಮತ್ತೊಂದು ಹೋದರು. ಧ್ವನಿ ಸಣ್ಣಗಾಯಿತು. ನನಗೆ ಗಾಬರಿ. ಕೈ ತಾನಾಗಿ ಮೇಲಕ್ಕೆ ಹೋಯಿತು. ಧ್ವನಿ ಏರಿಸಿದೆ, ಇನ್ನೂ ಏರಿಸಿದೆ, ಸ್ಪೀಕರು ಕಿರುಚಿತು. ಸೂಜಿಯಂಥ ಆ ಕೂಗು ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು. ನೂರಿಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. ಪಕ್ಕದಲ್ಲಿದ್ದ ಕ್ರೌಸ್ ಕೈ ಚಾಚಿ ಅದನ್ನು ಇಳಿಸಿದರು.

ಮುಗಿದ ಮೇಲೆ ರೂತ್ ತಾವೇ ನನ್ನ ಹತ್ತಿರ ಬಂದರು. ಧ್ವನಿ ಕಡಿಮೆಯಾಯಿತೆಂದು ಏರಿಸಿದೆ, ಕ್ಷಮಿಸಿ ಎಂದೆ.

"ಕಡಿಮೆ ಆಗ್ಲಿ ಅಂತಾನೇ ಹಿಂದೆ ಹೋಗಿದ್ದು," ಎಂದರು ಅವರು, ಸಿಟ್ಟಿಲ್ಲದೆ. "ಆ ಹಾಡಿನಲ್ಲಿ ಅವಳು ಊರು ಬಿಟ್ಟು ಹೋಗ್ತಾಳೆ. ಅವಳು ಹೋಗ್ತಾ ಇದ್ಲು, ನೀವು ಕೈ ಹಿಡಿದು ಎಳೆದು ತಂದ್ರಿ. ಮುಂದಿನ ಸಲ ಹೋಗೋಕೆ ಬಿಡಿ."

ಸೈಕಲ್ ತಳ್ಳಿಕೊಂಡು ಮನೆಗೆ ನಡೆದೆ. ಹತ್ತಲು ಮನಸ್ಸಾಗಲಿಲ್ಲ. ನನ್ನನ್ನು ಕೊರೆದದ್ದು ಆ ಕಿರುಚಾಟವಲ್ಲ. ಹಾಡುವವರನ್ನು ಅವರ ಪಾಡಿಗೆ ಬಿಡಬೇಕೆಂಬ ಈ ಪಾಠ ನನಗೆ ಮೊದಲೇ ಆಗಿತ್ತು, ಆದರೂ ಮರೆತಿದ್ದೆ. ರೇಡಿಯೊದಲ್ಲಿ ನಾನು ಹೊಸಬಳಾಗಿದ್ದಾಗ ನರಗುಂದದ ಕಡೆಯಿಂದ ಇಬ್ಬರು ಮುದುಕಿಯರು ಬೀಸುವ ಪದ ಹಾಡಲು ಬಂದಿದ್ದರು, ಗಂಗವ್ವ ಮತ್ತು ನೀಲವ್ವ. ನನ್ನ ಮೇಲಿನ ಅಧಿಕಾರಿಗೆ ಧ್ವನಿಗಳು ಬೇರೆ ಬೇರೆ, ಸ್ವಚ್ಛವಾಗಿ ಬೇಕು. ಸ್ಟುಡಿಯೊದ ಎರಡು ಮೂಲೆಯಲ್ಲಿ ಇಬ್ಬರನ್ನೂ ಕೂಡಿಸಿ, ನಡುವೆ ಮರದ ತಡಿಕೆ ನಿಲ್ಲಿಸಿದರು. ಗಂಗವ್ವ ಬಾಯಿ ತೆರೆದಳು, ನಿಲ್ಲಿಸಿದಳು. ಮತ್ತೆ ತೆರೆದಳು, ನಿಲ್ಲಿಸಿದಳು.

"ಸಾಹೇಬ್ರ, ಆಕಿ ಉಸಿರು ಕೇಳಲಿಲ್ಲಂದ್ರ ನಾ ಎಲ್ಲಿಂದ ಎತ್ಕೊಳ್ಳಲಿ?" ಎಂದಳು.

ಸಾಹೇಬರು ತಡಿಕೆ ತೆಗೆಸಲಿಲ್ಲ. ಮುದುಕಿಯರು ಮಧ್ಯಾಹ್ನದ ಬಸ್ಸಿಗೆ ವಾಪಸು ಹೋದರು. ನಾನು ಖಾಲಿ ಟೇಪು ಸುತ್ತಿಟ್ಟೆ. ತಡಿಕೆ ತೆಗೀರಿ ಸರ್ ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಪದ ಆಮೇಲೆ ಯಾರಿಗೂ ಸಿಗಲಿಲ್ಲ.

ಮರುವರ್ಷ ರೂತ್ ಮತ್ತು ಡೇನ್ ಮತ್ತೆ ಬಂದರು. ಆ ಹೊತ್ತಿಗೆ ನನಗೆ ಕೆಲಸದ ಅನುಮತಿ ಬಂದು, ಸಂಘದವರು ನನ್ನನ್ನು ಅರ್ಧ ದಿನದ ಕೆಲಸಕ್ಕೆ ತೆಗೆದುಕೊಂಡಿದ್ದರು. ಆ ಸಂಜೆ ರೂತ್ ಹಿಂದೆ ಹೆಜ್ಜೆಯಿಟ್ಟಾಗ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಧ್ವನಿ ಹೋಯಿತು, ಹೋಯಿತು, ಕೇಳುತ್ತಿದೆಯೋ ನೆನಪಾಗುತ್ತಿದೆಯೋ ತಿಳಿಯದಷ್ಟು ದೂರ ಹೋಯಿತು. ಜನ ಕುರ್ಚಿಯ ತುದಿಗೆ ಬಂದಿದ್ದರು. ಕ್ರೌಸ್ ನನ್ನ ಕಡೆ ನೋಡಿ ಒಮ್ಮೆ ತಲೆಯಾಡಿಸಿದರು. ಆ ಊರಲ್ಲಿದ್ದ ಮೂರು ವರ್ಷದಲ್ಲಿ ಅವರು ಕೊಟ್ಟ ಒಂದೇ ಶಹಬ್ಬಾಸ್ ಅದು.

ಮರುದಿನ ಇಬ್ಬರನ್ನೂ ಮನೆಗೆ ಊಟಕ್ಕೆ ಕರೆದೆ. ನಾನು ಜೋಳದ ರೊಟ್ಟಿ ತಟ್ಟುತ್ತಿದ್ದರೆ ಡೇನ್ ಅಡಿಗೆಮನೆಯ ಬಾಗಿಲಲ್ಲಿ ನಿಂತು ಆ ತಟ್ಟಿಗೆ ಬೆರಳಿನಲ್ಲಿ ತಾಳ ಹಾಕಿದರು. ಊಟವಾದ ಮೇಲೆ ರೂತ್ ನಿಮ್ಮೂರಿನ ಹಾಡು ಹಾಡಿ ಎಂದರು. ಗಂಗವ್ವ ಹಾಡಬೇಕಿದ್ದಂಥದೇ ಒಂದು ಬೀಸುವ ಪದ ನಮ್ಮ ಅಜ್ಜಿಗೂ ಬರುತ್ತಿತ್ತು. ಹಾಡಿದೆ. ನಾಲ್ಕನೆಯ ಸಾಲಿಗೆ ನಿಂತುಹೋಯಿತು. "ಅನಘಾ, ಮುಂದೇನದ? ನಿನಗ ಹೇಳಿಕೊಟ್ಟಿದ್ದೆನಲ್ಲ?" ಎಂದೆ. ಅವಳು "ವೈಸ್ ನಿಷ್ಟ್, ಮಾಮಾ," ಗೊತ್ತಿಲ್ಲಮ್ಮ ಎಂದು ಜರ್ಮನ್ ಭಾಷೆಯಲ್ಲೇ ಹೇಳಿ ಮತ್ತೊಂದು ರೊಟ್ಟಿ ಮುರಿದಳು. ಆ ಸಾಲನ್ನು ಯಾರಿಗಾದರೂ ಫೋನು ಮಾಡಿ ಕೇಳೋಣವೆಂದರೆ ಅದು ಬರುವವರು ಯಾರೂ ಉಳಿದಿರಲಿಲ್ಲ. ರೂತ್ ಪಿಟೀಲು ತೆಗೆದು, ನನಗೆ ಬಂದ ಮೂರು ಸಾಲನ್ನು ನುಡಿಸಿ, ನಾಲ್ಕನೆಯದರ ಜಾಗದಲ್ಲಿ ಸುಮ್ಮನಿದ್ದು, ಮತ್ತೆ ಮೊದಲ ಸಾಲಿಗೆ ಬಂದರು. ಅವತ್ತು ನಮ್ಮ ಮನೆಯವರು, ಊರು ಬಿಡಿಸಿದ್ದು ತಮ್ಮದೇ ತಪ್ಪು ಎನ್ನುವ ಹಾಗೆ, ನನ್ನ ಕಡೆ ನೋಡದೆ ತಾಟು ಎತ್ತಿಕೊಂಡು ಒಳಗೆ ಹೋದರು.

ಆ ಚಳಿಗಾಲದಲ್ಲಿ ಕ್ರೌಸ್ ಅವರ ಕಿವಿಯ ವಿಷಯ ತಿಳಿಯಿತು. ಅವರು ಕೂತ ದಿನ ಧ್ವನಿ ಕರ್ಕಶವಾಗುತ್ತಿದೆ ಎಂದು ಜನ ಗೊಣಗತೊಡಗಿದ್ದರು. ಒಂದು ತಾಲೀಮಿನ ಹೊತ್ತಿಗೆ ಅವರು ಬಗ್ಗಿ ಮೆಲ್ಲಗೆ ಕೇಳಿದರು.

"ಫ್ರೌ ದೇಸಾಯಿ, ಆ ಡ್ರಮ್ಮಿನ ಕಂಚಿನ ತಟ್ಟೆಯ ಸದ್ದು ನಿಮಗೆ ಕೇಳ್ತಾ ಇದೆಯಾ?"

"ಜೋರಾಗಿ ಕೇಳ್ತಿದೆ."

"ನನಗೆ ಕೇಳ್ತಾ ಇಲ್ಲ," ಎಂದರು.

ಎತ್ತರದ ಸ್ವರಗಳು ಅವರಿಗೆ ಹೋಗಿಬಿಟ್ಟಿದ್ದವು. ಆಮೇಲೆ ನಾನು ಅವರ ಪಕ್ಕ ಕೂತು, ಏರಿಸಬೇಕಾದರೆ ಮೇಜನ್ನು ಒಮ್ಮೆ, ಇಳಿಸಬೇಕಾದರೆ ಎರಡು ಸಲ ಬೆರಳಿನಿಂದ ಮುಟ್ಟುತ್ತಿದ್ದೆ. ಕೆಲವು ತಿಂಗಳು ಹೀಗೇ ನಡೆಯಿತು. ಕೊನೆಗೆ ಅವರೇ ಸಂಘದವರ ಮುಂದೆ ಎದ್ದು ನಿಂತು, ನನ್ನ ಕಿವಿ ಮುಗಿಯಿತು, ಮೇಜು ಇನ್ನು ಇವರದು ಎಂದು ಹೇಳಿ ಕೂತರು. ನಿಮಗೂ ಒಂದು ದಿನ ಹೀಗಾಗುತ್ತದೆ. ಅಡಗಿಸಿಟ್ಟುಕೊಂಡು ಬೇರೆಯವರ ಹಾಡು ಕೆಡಿಸಬೇಡಿ.

ಮೇಜು ನನ್ನದಾದ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಮಾರುಕಟ್ಟೆ ಬಿದ್ದಿತ್ತು. ಗ್ರೀನ್ ಕಾರ್ಡಿನವರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿದ್ದರು. ಒಂದು ಸಂಜೆ ನಮ್ಮ ಮನೆಯವರು ಬೇಗ ಬಂದು ಬೂಟು ಬಿಚ್ಚದೆ ಕೂತರು.

"ನಮ್ಮ ವಿಭಾಗ ಮುಚ್ಚಾಕತ್ತಾರ. ಸ್ಟುಟ್‌ಗಾರ್ಟ್ ಹತ್ತರ ಶ್ವೀಬರ್ಡಿಂಗೆನ್‌ದಾಗ ಒಂದು ಕೆಲಸ ಅದ, ಕಾರಿನ ಎಲೆಕ್ಟ್ರಾನಿಕ್ಸ್‌ದು. ಅವರು ಹೂಂ ಅಂದಾರ. ಆದ್ರ ನಿನ್ನ ಕೆಲಸ?"

"ನಿಮ್ಮ ನೌಕರಿ ಮ್ಯಾಲ ಪರ್ಮಿಟ್ ನಿಂತದ, ಪರ್ಮಿಟ್ ಮ್ಯಾಲ ನಾವು ನಿಂತೀವಿ. ನಡೀರಿ ಹೋಗೂಣು."

"ನಿನಗ ಭಾಳ ಕಷ್ಟ ಆಗತದ, ನನಗ ಗೊತ್ತದ."

"ಗೊತ್ತಿದ್ರ ಸಾಕು," ಎಂದೆ.

ಎರ್ಲಾಂಗೆನ್‌ನಲ್ಲಿ ನಾನು ನಡೆಸಿದ ಕೊನೆಯ ಕಾರ್ಯಕ್ರಮ ರೂತ್ ಮತ್ತು ಡೇನ್ ಅವರದ್ದೇ. ಭಾನುವಾರ ಬೆಳಗಿನ ಹನ್ನೊಂದು ಗಂಟೆಯ ಕಚೇರಿ. ಅವರು ಈ ಸಲ ಬೇರೆ ಬೇರೆಯಾಗಿ ಬಂದರು. ಡೇನ್ ವ್ಯಾನಿನಲ್ಲಿ, ರೂತ್ ರೈಲಿನಲ್ಲಿ. ಹಿಂದಿನ ವಸಂತದಲ್ಲೇ ಇಬ್ಬರೂ ಬೇರೆಯಾಗಿದ್ದರು. ಮೊದಲೇ ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನು ಮುಗಿಸಿಕೊಡುತ್ತಿದ್ದರು, ಅದರಲ್ಲಿ ಇದು ಕಡೆಯದು. ವೇದಿಕೆಯ ಆಚೆ ಅವರು ಮಾತಾಡುತ್ತಿರಲಿಲ್ಲ. "ಎರಡನೇ ಹಾಡು ಅರ್ಧ ಸ್ವರ ಇಳಿಸ್ತೀನಿ ಅಂತ ಅವಳಿಗೆ ಹೇಳಿ," ಎಂದು ಡೇನ್ ನನಗೆ ಹೇಳಿದರು. ರೂತ್ ಹತ್ತು ಅಡಿ ದೂರದಲ್ಲಿದ್ದರು. ಹೋಗಿ ಹೇಳಿದೆ. "ಸರಿ ಅನ್ನಿ," ಎಂದರು ರೂತ್. ಬಂದು ಹೇಳಿದೆ.

ಆ ಸಭಾಂಗಣದಲ್ಲಿ ಕಲಾವಿದರು ಒಪ್ಪಿದರೆ ಪ್ರತಿ ಕಾರ್ಯಕ್ರಮವನ್ನೂ ಟೇಪಿನಲ್ಲಿ ಮುದ್ರಿಸಿಡುವ ರೂಢಿ ಇತ್ತು. ಹಿಂದಿನ ಎರಡು ಸಲ ಯಂತ್ರ ಕೆಟ್ಟಿದ್ದರಿಂದಲೋ ನನ್ನ ಗಡಿಬಿಡಿಯಿಂದಲೋ ಈ ಜೋಡಿಯದು ಆಗಿರಲಿಲ್ಲ. ಈ ಸಲ ಹೊಸ ಟೇಪು ಹಾಕಿಟ್ಟಿದ್ದೆ. ರೂತ್ ಬಂದು ಯಂತ್ರದ ಮೇಲೆ ಕೈಯಿಟ್ಟರು.

"ಇವತ್ತು ಮುದ್ರಿಸಬೇಡಿ. ಮುಗಿಯೋದು ಪೂರ್ತಿ ಮುಗೀಲಿ."

ಆಗಲಿ ಎಂದೆ. ಹತ್ತು ನಿಮಿಷ ಕಳೆದು ಡೇನ್ ಬಂದರು.

"ಇವತ್ತಿನದು ಖಂಡಿತ ಮುದ್ರಿಸಿ. ನನಗೊಂದು ಪ್ರತಿ ಬೇಕು."

"ರೂತ್ ಬೇಡ ಅಂದಿದ್ದಾರೆ."

"ಅನ್ನುತ್ತಾಳೆ ಅಂತ ನನಗೆ ಗೊತ್ತು." ಡೇನ್ ಸ್ವಲ್ಪ ಹೊತ್ತು ಬ್ಯಾಂಜೊದ ಪಟ್ಟಿ ಸರಿಮಾಡಿಕೊಂಡರು. "ಅವಳಿಗೆ ತಿಳಿಯೋದು ಬೇಡ. ನಾಳೆಯಿಂದ ನಾನು ಆ ಧ್ವನಿಯನ್ನ ಎಲ್ಲಿಗೆ ಹೋಗಿ ಕೇಳಲಿ, ನೀವೇ ಹೇಳಿ."

ಮೊದಲ ಸಾಲಿನಲ್ಲಿ ಕೇಳುಗರಾಗಿ ಕೂತಿದ್ದ ಕ್ರೌಸ್ ಅವರ ಬಳಿ ಹೋಗಿ ಏನು ಮಾಡಲಿ ಎಂದು ಕೇಳಿದೆ. "ಮೇಜಿನ ಮುಂದೆ ಕೂತವರು ನಾನಲ್ಲ," ಎಂದರು.

ಆ ಬೆಳಗಿನ ಹಾಡು ಹೇಗಿತ್ತೆಂದು ಬರೆಯಲು, ಒಂದು ಸಲ ಬಿಟ್ಟರೆ, ಇಷ್ಟು ವರ್ಷ ಧೈರ್ಯ ಮಾಡಿರಲಿಲ್ಲ. ಹತ್ತು ಅಡಿಯಿಂದ ಮಾತಾಡದವರು ಮೈಕಿನ ಮುಂದೆ ಗೇಣು ದೂರದಲ್ಲಿ ನಿಂತರು. ಒಬ್ಬರು ಉಸಿರು ತೆಗೆದುಕೊಂಡರೆ ಮತ್ತೊಬ್ಬರ ಭುಜ ಏಳುತ್ತಿತ್ತು. ಯಾರು ಯಾವಾಗ ಮುಂದೆ ಬರಬೇಕು, ಯಾರು ಸರಿಯಬೇಕು ಎಂಬುದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಅವರ ಜಗಳ ಅವರ ಮೈಗೆ ಇನ್ನೂ ತಿಳಿದಿರಲಿಲ್ಲ. ನನ್ನ ಬಲಗೈಯ ತೋರುಬೆರಳು ಮುದ್ರಣದ ಕೆಂಪು ಗುಂಡಿಯ ಮೇಲೆಯೇ ಇತ್ತು. ಪ್ರತಿ ಹಾಡಿನ ಮೊದಲೂ ಒತ್ತಿಬಿಡಲೇ ಎನಿಸಿತು. ಯಾರಿಗೂ ತಿಳಿಯುತ್ತಿರಲಿಲ್ಲ. ನಾನೂ ಆ ವಾರ ಆ ಊರು ಬಿಡುವವಳು. ನನಗೂ ಅದು ಬೇಕಿತ್ತು, ಡೇನ್‌ಗಿಂತ ಕಡಿಮೆಯೇನಲ್ಲ. ಕೊನೆಯ ಹಾಡನ್ನು ರೂತ್ ಒಬ್ಬರೇ ಹಾಡಿದರು. ರೂತ್ ಹೆಗಲ ಹಿಂದೆ ಡೇನ್ ತಲೆ ತಗ್ಗಿಸಿ ಗಿಟಾರು ನುಡಿಸಿದರು. ನಾನು ಒತ್ತಲಿಲ್ಲ.

ಜನ ಹೋದ ಮೇಲೆ ಡೇನ್ ಬಂದು ಯಂತ್ರದ ಅಂಕಿಗಳನ್ನು ನೋಡಿದರು. ಎಲ್ಲ ಸೊನ್ನೆ. ನನ್ನ ಮುಖ ನೋಡಿದರು. ತಮ್ಮ ತಂತಿಯನ್ನು ತಾವೇ ಸುತ್ತಿಕೊಂಡು, ಕೈ ಕುಲುಕದೆ ಹೊರಟುಹೋದರು.

ಆ ಮೇಲಿನ ವರ್ಷಗಳಲ್ಲಿ ಸ್ಟುಟ್‌ಗಾರ್ಟ್ ಸುತ್ತಮುತ್ತ ಎಷ್ಟೋ ಸಭಾಂಗಣಗಳಲ್ಲಿ ದುಡಿದೆ. ಟೇಪು ಹೋಗಿ ಹಾರ್ಡ್ ಡಿಸ್ಕ್ ಬಂತು, ಗುಂಡಿಗಳು ಹೋಗಿ ಗಾಜಿನ ಪರದೆ ಬಂತು. ಈಗ ಹಾಡುವವರು ಕಿವಿಯೊಳಗೇ ಸ್ಪೀಕರ್ ಸಿಕ್ಕಿಸಿಕೊಂಡು, ಕೆನ್ನೆಗೆ ಮೈಕು ಅಂಟಿಸಿಕೊಂಡು ಬರುತ್ತಾರೆ. ವೇದಿಕೆಯಲ್ಲಿ ಎಷ್ಟು ಹೆಜ್ಜೆ ಹಿಂದೆ ಹೋದರೂ ಧ್ವನಿ ಇದ್ದಲ್ಲೇ ಇರುತ್ತದೆ. ಅನುಕೂಲ ಹೌದು, ಬೇಡವೆನ್ನಲಾರೆ. ಆದರೂ ಯಾರಾದರೂ ಹಾಡುತ್ತ ಒಂದು ಹೆಜ್ಜೆ ಹಿಂದೆ ಇಟ್ಟರೆ ನನ್ನ ಕೈ ತೊಡೆಯ ಕೆಳಗೆ ಹೋಗುತ್ತಿತ್ತು. ಒಪ್ಪಿಗೆಯಿಲ್ಲದೆ ಯಾರ ಧ್ವನಿಯನ್ನೂ ಮುದ್ರಿಸಬಾರದು ಎಂದು ಹೊಸಬರಿಗೆ ಗಟ್ಟಿಯಾಗಿ ಹೇಳುತ್ತಿದ್ದೆ. ಹೇಳಿ ಮನೆಗೆ ಬಂದು, ಅವತ್ತು ಒತ್ತಿದ್ದರೆ ಈಗ ಕೇಳಬಹುದಿತ್ತು ಎಂದು ಹಲುಬುತ್ತಿದ್ದೆ.

ನಾನು ನಿವೃತ್ತಳಾದ ಮೇಲೆ, ಹಳೆಯ ಸಭಾಂಗಣದವರಿಂದ ನನ್ನ ವಿಳಾಸ ಪಡೆದು ರೂತ್ ಒಂದು ಕಾಗದ ಬರೆದರು. ಡೇನ್ ಆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಬೇರೆಯಾದ ಮೇಲೆ ಇಬ್ಬರೂ ಮತ್ತೆ ಒಟ್ಟಿಗೆ ಹಾಡಿರಲೇ ಇಲ್ಲವಂತೆ. "ಆ ಭಾನುವಾರ ಮುದ್ರಿಸಬೇಡಿ ಎಂದು ನಾನೇ ಹೇಳಿದ್ದೆ," ಎಂದು ಬರೆದಿದ್ದರು. "ನೀವು ನನ್ನ ಮಾತು ಕೇಳಿರಲಾರಿರಿ ಎಂಬ ಆಸೆಯಲ್ಲಿ ಇಷ್ಟು ವರ್ಷ ಇದ್ದೇನೆ. ದಯವಿಟ್ಟು ಇದೆ ಎಂದು ಹೇಳಿ."

ಇಲ್ಲ ಎಂದು ಒಂದು ಸಾಲು ಬರೆದು ಕಳಿಸಲು ಕೈ ಬರಲಿಲ್ಲ. ನಾಲ್ಕು ದಿನ ಕೂತು, ಆ ಬೆಳಗಿನ ಕಚೇರಿಯನ್ನು ಪೂರ್ತಿ ಬರೆದೆ. ಯಾವ ಹಾಡಿನ ಮೇಲೆ ಯಾವ ಹಾಡು, ಎಲ್ಲಿ ಡೇನ್ ಬ್ಯಾಂಜೊ ಇಳಿಸಿ ಗಿಟಾರು ತೆಗೆದುಕೊಂಡರು, ಯಾವ ಮಾತಿನ ಮೇಲೆ ರೂತ್ ಹಿಂದೆ ಹೋದರು, ಎಷ್ಟು ಹೆಜ್ಜೆ, ಯಾವ ಹಾಡಿನ ನಡುವೆ ಮೂರನೆಯ ಸಾಲಿನ ಮುದುಕ ಕೆಮ್ಮಿದ. ಹದಿನಾಲ್ಕು ಪುಟವಾಯಿತು. ಮುದ್ರಣ ಇಲ್ಲ, ನನ್ನ ಹತ್ತಿರ ಇರುವುದು ಇಷ್ಟೇ ಎಂದು ಕೊನೆಗೆ ಬರೆದು ಅಂಚೆಗೆ ಹಾಕಿದೆ.

ಮೂರು ವಾರದ ಮೇಲೆ ಫೋನು ಬಂತು. ಎಪ್ಪತ್ತು ದಾಟಿದ ದನಿ, ಆದರೂ ಹಲೋ ಎನ್ನುವುದರಲ್ಲೇ ಗುರುತು ಸಿಕ್ಕಿತು.

"ಎರಡು ಸಲ ಓದಿದೆ," ಎಂದರು ರೂತ್. "ಎಲ್ಲ ಸರಿಯಾಗಿದೆ. ಒಂದು ತಪ್ಪು."

"ಯಾವುದು?"

"ಕೊನೇ ಹಾಡನ್ನ ನಾನೊಬ್ಬಳೇ ಹಾಡಿದೆ ಅಂತ ಬರೆದಿದ್ದೀರಿ. ಡೇನ್ ಕೂಡ ಹಾಡಿದ. ಇಡೀ ಹಾಡು. ನನ್ನ ಕಿವಿಯ ಹಿಂದೆ, ಮೈಕಿಗೆ ಸಿಗದಷ್ಟು ಮೆಲ್ಲಗೆ."

"ನನಗೆ ಕೇಳಿಸಲೇ ಇಲ್ಲ," ಎಂದೆ.

"ಕೇಳಿಸಲಿ ಅಂತ ಹಾಡಿದ್ದಲ್ಲ ಅದು. ನೀವು ಮುದ್ರಿಸಿದ್ರೂ ಅದರಲ್ಲಿ ಇರ್ತಿರಲಿಲ್ಲ."

ಡೇನ್ ಏನು ಹಾಡಿದರು, ಹೇಗಿತ್ತು ಎಂದು ಕೇಳಿದೆ. ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ ರೂತ್ ತಮ್ಮ ಸಾಲನ್ನು ಬಿಟ್ಟು, ಕೆಳಗಿನ ಸ್ವರದಲ್ಲಿ, ಡೇನ್ ಅವರ ಪಾಲಿನದನ್ನು ಹಾಡತೊಡಗಿದರು.